ಬೀರದೇವರ ಪಾಲಾದ ಕತ್ತರಿ

ಬನ್ನಿಹಟ್ಟಿಯ ಕರಿಯಣ್ಣನಿಗೆ ಏನನ್ನಾದರೂ ಕೊಡಲು ಊರಿನವರು ಹೆದರುತ್ತಿದ್ದರು. ಕೊಟ್ಟದ್ದನ್ನು ಮರೆತುಬಿಡುತ್ತಾನೆ ಎಂದಲ್ಲ, ಮರೆಯುವುದೇ ಇಲ್ಲ ಎಂದು. ಪಕ್ಕದ ಮನೆಯ ಈಶ್ವರಮ್ಮ ಒಂದು ಬೇಸಿಗೆಯ ಮಧ್ಯಾಹ್ನ ಅವನಿಗೆ ಒಂದು ಚೆಂಬು ಮಜ್ಜಿಗೆ ಕೊಟ್ಟಿದ್ದಳು. ಆ ತಪ್ಪಿಗೆ ಮುಂದಿನ ಮೂರು ವರ್ಷ ಎದುರಿಗೆ ಸಿಕ್ಕಾಗಲೆಲ್ಲ, "ಅವತ್ತು ನೀನು ಮಜ್ಜಿಗೆ ಕೊಡದಿದ್ರೆ ನಾನೆಲ್ಲಿರ್ತಿದ್ನವ್ವಾ" ಎಂಬ ಮಾತನ್ನು ನಿಂತು ಕೇಳಬೇಕಾಯಿತು. ಕೊನೆಗೆ ಆಕೆ ಅವನನ್ನು ಕಂಡರೆ ಬೇರೆ ಓಣಿ ಹಿಡಿಯತೊಡಗಿದಳು.

ಕೊಡೆಯ ಕಥೆಯಂತೂ ಈಸೂರಿನ ತನಕ ಹಬ್ಬಿತ್ತು. ಅವನ ಹೆಂಡತಿ ಗುತ್ಯಮ್ಮನ ಅಣ್ಣ ರಂಗಪ್ಪ ಶಿಕಾರಿಪುರದ ಸಂತೆಯಲ್ಲಿ ಅವನಿಗೊಂದು ಹೊಸ ಕೊಡೆ ಕೊಡಿಸಿದ. ವಾಪಸು ಬರುವಾಗ ಮಳೆ ಹಿಡಿಯಿತು. ಕರಿಯಣ್ಣ ತಲೆಯ ಮೇಲಿನ ಕಂಬಳಿಕೊಪ್ಪೆ ತೆಗೆದು, ಅದರಲ್ಲಿ ಕೊಡೆಯನ್ನು ಸುತ್ತಿ ಎದೆಗವಚಿಕೊಂಡು, ತಾನು ತೊಯ್ದು ತೊಪ್ಪೆಯಾಗಿ ಮನೆಗೆ ಬಂದ.

"ಕೊಡೆ ಬಿಚ್ಚಬಾರದಿತ್ತೇನ್ರೀ?" ಎಂದಳು ಗುತ್ಯಮ್ಮ.

"ಭಾವ ಅಷ್ಟು ಪ್ರೀತಿಯಿಂದ ಕೊಡ್ಸಿದ್ದು. ಮಳೆಯಾಗೆ ನೆನೆಸ್ಲಾ?"

ಅಂದಿನಿಂದ ಆ ಕೊಡೆ ಜಂತಿಯಲ್ಲಿ ತೂಗುತ್ತಿತ್ತು. ಇಂಥ ಮನುಷ್ಯನಿಗೆ ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಸಮುದ್ರದಾಚೆಯ ಒಂದು ದೇಶ ಸಹಾಯ ಮಾಡಲು ಹೊರಟಿತು. ಪಾಪ, ಆ ದೇಶಕ್ಕೆ ಇದೆಲ್ಲ ಗೊತ್ತಿರಲಿಲ್ಲ.

ಆ ದೇಶ ನ್ಯೂಜಿಲೆಂಡು. ಅಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚಂತೆ. ಅಲ್ಲಿಂದ ಬಂದ ಕೂಪರ್ ಸಾಹೇಬರು ಶಿಕಾರಿಪುರದ ಬ್ಲಾಕ್ ಕಚೇರಿಯ ಅಂಗಳದಲ್ಲಿ ಹತ್ತು ದಿನ ಕುರಿಯ ಉಣ್ಣೆ ಕತ್ತರಿಸುವ ಹೊಸ ಪದ್ಧತಿಯನ್ನು ಕಲಿಸುವವರಿದ್ದರು. ಕಲಿತವರು ತಮ್ಮ ತಮ್ಮ ಹಟ್ಟಿಯಲ್ಲಿ ಉಳಿದವರಿಗೆ ಕಲಿಸಬೇಕು. ಹಟ್ಟಿಗೊಬ್ಬನಂತೆ ಆಳು ಬೇಕೆಂದು ಗ್ರಾಮಸೇವಕ ಶೇಷಪ್ಪ ಸೈಕಲ್ಲು ತುಳಿದುಕೊಂಡು ಬನ್ನಿಹಟ್ಟಿಗೆ ಬಂದಾಗ, ಗಂಡಸರೆಲ್ಲ ಕುರಿ ಹೊಡೆದುಕೊಂಡು ಹೋಗಿದ್ದರು. ಕಾಲಿಗೆ ಮುಳ್ಳು ನಟ್ಟು ಮನೆಯಲ್ಲೇ ಉಳಿದಿದ್ದವನು ಕರಿಯಣ್ಣ ಒಬ್ಬ. ಹೀಗೆ ಬನ್ನಿಹಟ್ಟಿಯ ಪ್ರತಿನಿಧಿಯ ಆಯ್ಕೆಯನ್ನು ಒಂದು ಜಾಲಿಮುಳ್ಳು ಮಾಡಿತು.

ನಮ್ಮ ಕಡೆ ಉಣ್ಣೆ ಕತ್ತರಿಸುವುದೆಂದರೆ ಕುರಿಯ ನಾಲ್ಕು ಕಾಲು ಕಟ್ಟಿ, ಒಬ್ಬ ಅದುಮಿ ಹಿಡಿದು, ಇನ್ನೊಬ್ಬ ಕತ್ತರಿ ಆಡಿಸಿ, ಮೂವರೂ ಬೆವರುವ ಕೆಲಸ. ಮೂರನೆಯವನು ಕುರಿ. ಕೂಪರ್ ಸಾಹೇಬರು ಹಗ್ಗವನ್ನೇ ಮುಟ್ಟಲಿಲ್ಲ. ಕುರಿಯನ್ನು ಎತ್ತಿ ಅಂಡಿನ ಮೇಲೆ ಕೂರಿಸಿ, ತಮ್ಮ ಮೊಣಕಾಲುಗಳ ನಡುವೆ ಒರಗಿಸಿಕೊಂಡರು. ಕುರಿ ಕ್ಷೌರಕ್ಕೆ ಕೂತ ಪಟೇಲರ ಹಾಗೆ ಸುಮ್ಮನೆ ಆಕಾಶ ನೋಡಿತು. ಅವರ ಕತ್ತರಿಗೆ ತಿರುಗಣಿ ಮೊಳೆಯೇ ಇಲ್ಲ. ಒಂದೇ ಉಕ್ಕಿನ ಪಟ್ಟಿಯನ್ನು ಬಾಗಿಸಿ ಎರಡು ಅಲಗು ಮಾಡಿದ್ದು, ಹಿಸುಕಿದರೆ ಕತ್ತರಿಸುತ್ತದೆ, ಬಿಟ್ಟರೆ ತಾನೇ ತೆರೆದುಕೊಳ್ಳುತ್ತದೆ. ನೋಡುತ್ತಿದ್ದಂತೆ ಇಡೀ ಉಣ್ಣೆ ಅಂಗಿ ಕಳಚಿದ ಹಾಗೆ ಒಂದೇ ತುಂಡಾಗಿ ಬಂತು.

ಮೊದಲ ದಿನ ಕರಿಯಣ್ಣ ಕುರಿಯನ್ನು ಕೂರಿಸಲು ಹೋದರೆ, ಕುರಿಯೇ ಅವನನ್ನು ಕೂರಿಸಿತು. ಐದನೆಯ ದಿನ ಇಬ್ಬರೂ ಕೂತರು. ಹತ್ತನೆಯ ದಿನ ಒಂದು ಗಾಯವೂ ಇಲ್ಲದೆ ಅವನು ಒಂದು ಕುರಿಯ ಉಣ್ಣೆ ತೆಗೆದಾಗ, ಕೂಪರ್ ಸಾಹೇಬರು ಅವನ ಬೆನ್ನು ತಟ್ಟಿದರು. ಕೊನೆಗೆ ಎಲ್ಲರಿಗೂ ಒಂದೊಂದು ಹೊಸ ಕತ್ತರಿ ಹಂಚುವಾಗ ಒಂದು ಕಡಿಮೆ ಬಿತ್ತು, ಬಿದ್ದದ್ದು ಕರಿಯಣ್ಣನ ಪಾಲಿಗೆ. ಸಾಹೇಬರು ಒಂದು ಕ್ಷಣ ಯೋಚಿಸಿ, ತಮ್ಮ ತಂದೆಯ ಕಾಲದಿಂದ ಬಂದ ಸ್ವಂತ ಕತ್ತರಿಯನ್ನೇ ಅವನ ಕೈಗಿಟ್ಟರು.

ಕರಿಯಣ್ಣನ ಕಣ್ಣು ತುಂಬಿತು. ಶೇಷಪ್ಪ ಹಣೆ ಚಚ್ಚಿಕೊಂಡ, ಅವನಿಗೆ ಮಜ್ಜಿಗೆಯ ಕಥೆ ಗೊತ್ತಿತ್ತು.

ಸ್ವಂತದ್ದೋ ಸರ್ಕಾರದ್ದೋ, ಕಾಗದವಿಲ್ಲದೆ ಒಂದು ಕಡ್ಡಿಯೂ ಅಂಗಳ ದಾಟುವಂತಿಲ್ಲ ಎಂದ ಕಚೇರಿಯ ಗುಮಾಸ್ತ. ಸಲಕರಣೆಯ ಫಾರಂ ಮುಗಿದಿದ್ದರಿಂದ ಜಮೀನಿನ ನಕ್ಷೆ ಕೊಡುವಾಗ ಬರೆಸಿಕೊಳ್ಳುವ ಫಾರಮ್ಮಿನಲ್ಲಿ ನಕ್ಷೆ ಎಂಬಲ್ಲಿ ಕತ್ತರಿ ಎಂದು ತಿದ್ದಿ ಓದಿ ಹೇಳಿದ: "ಸದರಿ ಕತ್ತರಿಯನ್ನು ಪರಭಾರೆ ಮಾಡಕೂಡದು, ಹರಿಯಕೂಡದು, ನಕಲು ಮಾಡಕೂಡದು. ಮಾಡಿದಲ್ಲಿ ಕಾನೂನು ಪ್ರಕಾರ ಕ್ರಮಕ್ಕೆ ಗುರಿ." ಕತ್ತರಿಯನ್ನು ಹರಿಯುವುದು ಹೇಗೆಂದು ಯಾರೂ ಕೇಳಲಿಲ್ಲ. ಕರಿಯಣ್ಣ ಹೆಬ್ಬೆಟ್ಟು ಒತ್ತಿದ.

ಊರಿಗೆ ಬಂದವನು ಮನೆಗೂ ಹೋಗದೆ ನೇರವಾಗಿ ಬೀರದೇವರ ಗುಡಿಗೆ ಹೋದ. ಬನ್ನಿಹಟ್ಟಿಯಲ್ಲಿ ವರ್ಷದ ಮೊದಲ ಉಣ್ಣೆ ಬೀರದೇವರಿಗೆ, ಮೊದಲ ಮರಿ ಬೀರದೇವರಿಗೆ. ಊರಾಚೆಯಿಂದ ಬಂದ ಕಬ್ಬಿಣದ ಆಯುಧವನ್ನು ಮಹಾನವಮಿಯ ಪೂಜೆಯಾಗುವ ತನಕ ಬಳಸುವ ಪದ್ಧತಿ ಇಲ್ಲ. ಅದರಲ್ಲೂ ಇದು ಒಬ್ಬ ಮಗ ತನ್ನ ಅಪ್ಪನ ಕತ್ತರಿಯನ್ನು ಬಿಟ್ಟುಕೊಟ್ಟದ್ದು. ಪೂಜಾರಿ ದೊಡ್ಡಬೀರಪ್ಪ ಅದಕ್ಕೆ ಅರಿಶಿನದ ಭಂಡಾರ ಹಚ್ಚಿ, ಕಣಗಿಲೆ ಹೂ ಮುಡಿಸಿ, ದೇವರ ಪಕ್ಕದಲ್ಲಿಟ್ಟ.

"ಅಲ್ರೀ, ಕಲ್ತು ಬಂದಿದ್ದು ಕತ್ತರ್ಸಾಕೋ, ಕೈ ಮುಗಿಯಾಕೋ?" ಎಂದಳು ಗುತ್ಯಮ್ಮ. ನವಮಿಗೆ ಇನ್ನೂ ಎಂಟು ತಿಂಗಳಿತ್ತು.

ಪ್ರಶ್ನೆ ಸರಿಯಾಗಿಯೇ ಇತ್ತು. ವೈಶಾಖದಲ್ಲಿ ಉಣ್ಣೆ ತೆಗೆಯುವ ಕಾಲ ಬಂತು. ಕಲಿತ ವಿದ್ಯೆ ಕೈಯಲ್ಲಿ ತುರಿಸುತ್ತಿತ್ತು, ಹಟ್ಟಿಯವರು ಕಲಿಸು ಕಲಿಸು ಎಂದು ಪ್ರಾಣ ತೆಗೆಯುತ್ತಿದ್ದರು, ಕತ್ತರಿ ನೋಡಿದರೆ ಹೂ ಮುಡಿದುಕೊಂಡು ಕೂತಿತ್ತು. ಕರಿಯಣ್ಣ ಕಮ್ಮಾರ ಹುಚ್ಚರಾಯಪ್ಪನನ್ನು ಕರೆದುಕೊಂಡು ಹೋಗಿ ಗುಡಿಯ ಬಾಗಿಲಲ್ಲಿ ನಿಲ್ಲಿಸಿ, "ಅಂಥದ್ದೇ ಒಂದು ಮಾಡಿಕೊಡಪ್ಪ" ಎಂದ.

ದೇವರ ವಸ್ತು ಹೊರಗೆ ತರುವಂತಿಲ್ಲ. ಕರಿಯಣ್ಣ ಒಳಗೆ ಕೂತು ಅಳೆದು, "ಅಲಗು ಎಂಟು ಬೆಳ್ಳು, ಹಿಡಿ ಆರು ಬೆಳ್ಳು" ಎಂದು ಕೂಗಿದ. ಹುಚ್ಚರಾಯಪ್ಪ ಹೊರಗೆ ತಲೆಯಾಡಿಸಿದ. ಗುಜರಿಗೆ ಬಿದ್ದಿದ್ದ ಹಳೆಯ ಬಸ್ಸಿನ ಕಮಾನುಪಟ್ಟಿ ಕಾಯಿಸಿ ಬಡಿದು ಅವನು ಮೂರು ದಿನದಲ್ಲಿ ತಂದುಕೊಟ್ಟ ಕತ್ತರಿಯನ್ನು ಎತ್ತಲು ಇಬ್ಬರು ಬೇಕಾಯಿತು. ಕರಿಯಣ್ಣನ ಬೆರಳು ಬೆಂಡೆಕಾಯಿ, ಹುಚ್ಚರಾಯಪ್ಪನದು ಬಾಳೆಹಣ್ಣು. ಆ ಲೆಕ್ಕ ಇಬ್ಬರಿಗೂ ಹೊಳೆದಿರಲಿಲ್ಲ.

ಎರಡನೆಯದು ಹಿಸುಕಿದರೆ ಮುಚ್ಚಿಕೊಂಡಿತು, ಮತ್ತೆ ತೆರೆಯಲಿಲ್ಲ. ಮೂರನೆಯದಕ್ಕೆ ಉಕ್ಕಿನ ಹದ ಸಿಕ್ಕಿತು. ಕರಿಯಣ್ಣ ಅದರಿಂದ ಒಂದು ಕುರಿಯ ಉಣ್ಣೆ ತೆಗೆದು, ಹುಚ್ಚರಾಯಪ್ಪನನ್ನು ತಬ್ಬಿಕೊಂಡು ಅತ್ತೇಬಿಟ್ಟ. ಆಮೇಲೆ ಹುಚ್ಚರಾಯಪ್ಪನಿಗೆ ಹುಮ್ಮಸ್ಸು ಬಂತು, ಅಂಥವನ್ನೇ ಒಟ್ಟು ಆರು ಮಾಡಿದ. ಅಸಲಿನ ಅಲಗಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಮುದ್ರೆ ಇತ್ತು. ಅದಿಲ್ಲದಿದ್ದರೆ ಕತ್ತರಿ ಓಡದೇನೋ ಎಂದು ಅದನ್ನೂ ಬಿಡದೆ ಕೆತ್ತಿದ. ಬಾಗಿಲಾಚೆಯಿಂದ ನೋಡಿ ಬರೆದುಕೊಂಡಿದ್ದರಿಂದ ಅಕ್ಷರಗಳು ತಲೆಕೆಳಗಾಗಿದ್ದವು, ಅಷ್ಟೇ. ವೈಶಾಖ ಮುಗಿಯುವುದರೊಳಗೆ ಹಟ್ಟಿಯ ಹನ್ನೊಂದು ಜನ ಕುರಿ ಕೂರಿಸಿ ಉಣ್ಣೆ ತೆಗೆಯಲು ಕಲಿತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಬರೆಯುವ ಕೆಲಸವಿರಲಿಲ್ಲ. ಶ್ರಾವಣದಲ್ಲಿ ಶೇಷಪ್ಪ ಏದುಸಿರು ಬಿಡುತ್ತ ಬಂದ.

"ಕರಿಯಣ್ಣ, ನಾಡಿದ್ದು ಬ್ಲಾಕ್ ಕಚೇರಿ ಬಿ.ಡಿ.ಓ. ಸಾಹೇಬ್ರು ಬರ್ತಾರೆ, ಜತಿಗೆ ಕೂಪರ್ ಸಾಹೇಬ್ರು. ಕೊಟ್ಟ ಕತ್ತರಿ ಬಳಸ್ಯಾರೋ ಇಲ್ಲೋ ಅಂತ ತನಿಖೆ. ಬಳಸಿದ ಊರಿಗೆ ಉಣ್ಣೆ ಕೇಂದ್ರ. ಹೆಣ್ಮಕ್ಕಳಿಗೆ ಮನೆಗೊಂದು ಹೊಸಾ ರಾಟೆ, ನೇಯೋದು ಎಲ್ಲಾ ಅಲ್ಲೇ. ಬಳಸದಿದ್ರೆ ಸೊರಬದ ಕಡೀಗೆ ಹೋಗ್ತದೆ, ಕುಪ್ಪಗಡ್ಡೆಗೆ."

"ಕುಪ್ಪಗಡ್ಡೆಯಾಗೆ ಭತ್ತ ಅಡಿಕೆ ಬಿಟ್ರೆ ಕುರಿ ಎಲ್ಲೈತೆ ಸ್ವಾಮಿ?"

"ಅಲ್ಲಿ ಒಂದು ಕಟ್ಟಡ ಖಾಲಿ ಐತಂತೆ. ಕೇಂದ್ರ ಆದಮ್ಯಾಲೆ ಕುರಿ ತರಿಸ್ತಾರಂತೆ."

ಗುತ್ಯಮ್ಮ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೇಂದ್ರ ಬರುತ್ತದೆಂಬ ಗಾಳಿಸುದ್ದಿ ಕೇಳಿ ಹಟ್ಟಿಯ ಹೆಂಗಸರು ಹೊಸ ರಾಟೆಯ ಮಾತಾಡತೊಡಗಿ ಆರು ತಿಂಗಳಾಗಿತ್ತು. ಕೈಯಲ್ಲಿ ಕದಿರು ತಿರುಗಿಸಿ ತಿರುಗಿಸಿ ಅವಳ ಬಲಗೈಯ ಎರಡು ಬೆರಳು ಸೆಟೆದಿದ್ದವು. ಅವಳು ಆ ಬೆರಳುಗಳನ್ನು ನೀವಿಕೊಂಡಳು. ಕರಿಯಣ್ಣ ಅದನ್ನು ನೋಡಿದ.

"ನಾವು ಬಳಸೀವಿ ಸ್ವಾಮಿ," ಎಂದು ಅವನು ಬಾಯಿ ತೆಗೆಯುವಷ್ಟರಲ್ಲಿ ಶೇಷಪ್ಪ ಜೇಬಿನಿಂದ ಕಾಗದ ತೆಗೆದು, "ತನಿಖೆ ಇದರ ಪ್ರಕಾರವೇ" ಎಂದು ಓದಿದ. ಪರಭಾರೆ ಮಾಡಕೂಡದು, ಹರಿಯಕೂಡದು, ನಕಲು ಮಾಡಕೂಡದು. ಕರಿಯಣ್ಣ ತೆರೆದ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡ. ನಕಲು! ಅದೂ ಒಂದಲ್ಲ, ಆರು. ಅದೂ ಮುದ್ರೆ ಸಮೇತ.

ಶೇಷಪ್ಪ ಅತ್ತ ಹೋದದ್ದೇ ತಡ, ಕರಿಯಣ್ಣ ಕುಲುಮೆಗೆ ಓಡಿದ.

"ಹುಚ್ಚರಾಯಪ್ಪ, ನಾವು ಕೆಟ್ವಿ! ಖೋಟಾ ನಾಣ್ಯ ಹೊಡೆದೋರಿಗೆ ಏನ್ ಮಾಡ್ತಾರೆ?"

"ಏಳು ವರ್ಷ ಹಾಕ್ತಾರೆ."

"ಖೋಟಾ ಕತ್ತರಿಗೆ?"

ಹುಚ್ಚರಾಯಪ್ಪ ಸುತ್ತಿಗೆ ಕೆಳಗಿಟ್ಟು ಗಂಭೀರವಾಗಿ ಯೋಚಿಸಿದ. "ನಾಣ್ಯ ಸಣ್ಣದು. ಕತ್ತರಿ ದೊಡ್ಡದು."

ಆರೂ ಕತ್ತರಿಗಳನ್ನು ಅಡಗಿಸಿಡುವುದೆಂದೂ, ಯಾರೂ ಉಸಿರೆತ್ತಬಾರದೆಂದೂ ಇಬ್ಬರೂ ತೀರ್ಮಾನಿಸಿದರು. ತಪ್ಪು ಮಾಡದ ಮನುಷ್ಯ ತಪ್ಪು ಮುಚ್ಚಲು ಹೊರಟರೆ ಅವನಷ್ಟು ಕಳ್ಳನಾಗಿ ಕಾಣುವವನು ಬೇರೊಬ್ಬನಿಲ್ಲ. ಎರಡು ದಿನ ಕರಿಯಣ್ಣ ನಾಯಿ ಬೊಗಳಿದರೂ "ನನಗೇನೂ ಗೊತ್ತಿಲ್ಲ" ಎನ್ನುತ್ತಿದ್ದ.

ಮೂರನೆಯ ದಿನ ಜೀಪು ಬಂತು. ಬಿ.ಡಿ.ಓ. ಸಾಹೇಬರು ಇಳಿದರು, ಹಿಂದೆಯೇ ಕೂಪರ್ ಸಾಹೇಬರು ಇಳಿದು, ತಮಗೆ ಬರುವ ನಾಲ್ಕು ಕನ್ನಡ ಮಾತಿನಲ್ಲಿ ಒಂದನ್ನು ಖರ್ಚು ಮಾಡಿ "ನಮಸ್ಕಾರ, ಕರಿಯಣ್ಣ" ಎಂದರು. ತನ್ನ ಹೆಸರನ್ನು ನೆನಪಿಟ್ಟುಕೊಂಡ ಆ ದೊಡ್ಡ ಮನುಷ್ಯನ ಮುಖ ನೋಡಲಾಗದೆ ಕರಿಯಣ್ಣ ಜೀಪಿನ ಗಾಲಿಗೆ ಕೈಮುಗಿದ.

"ಕತ್ತರಿ ಎಲ್ರೀ?" ಎಂದರು ಬಿ.ಡಿ.ಓ.

"ಗುಡಿಯಾಗೈತೆ ಸ್ವಾಮಿ."

ಎಲ್ಲರೂ ಗುಡಿಗೆ ಹೋದರು. ಕತ್ತರಿ ಅರಿಶಿನದಲ್ಲಿ ಮಿಂದು, ಹೂ ಮುಡಿದು, ಆರತಿಯ ಹೊಗೆಯಲ್ಲಿ ಕಪ್ಪಗಾಗಿ ಕೂತಿತ್ತು. ಹಟ್ಟಿಗೆ ಬಂದ ಮೇಲೆ ಒಂದು ಎಳೆ ಉಣ್ಣೆಯನ್ನೂ ಅದು ಕಂಡಿಲ್ಲವೆಂಬುದಕ್ಕೆ ತನಿಖೆಯೇ ಬೇಕಿರಲಿಲ್ಲ.

"ಹೊರಗೆ ತೆಗೀರಿ ಅದನ್ನ. ಈಗಲಾದ್ರೂ ಒಂದು ಕುರಿ ಕತ್ತರಿಸಿ ತೋರಿಸ್ಲಿ."

"ಕೊಟ್ಟಿದ್ದನ್ನ ವಾಪಸ್ ತಗೊಳ್ಳಾಕೆ ದೇವ್ರ ಅಪ್ಪಣೆ ಆಗ್ಬೇಕು ಸ್ವಾಮಿ," ಎಂದ ಪೂಜಾರಿ ದೊಡ್ಡಬೀರಪ್ಪ. "ಹೂ ಇಟ್ಟು ಕೇಳ್ತೀನಿ. ಬಲಕ್ಕೆ ಬಿದ್ರೆ ಸರಿ. ಎಡಕ್ಕೆ ಬಿದ್ರೆ ಇಲ್ಲ."

"ಇದು ಮೇಲಿಂದ ಬಂದ ಆರ್ಡರ್ ಅಂತ ಹೇಳ್ರೀ."

"ಬೀರಪ್ಪಗಿಂತ ಮ್ಯಾಲೆ ಯಾರವ್ರೆ ಸ್ವಾಮಿ?"

ಬಿ.ಡಿ.ಓ. "ಬೆಂಗಳೂರು" ಎನ್ನಹೋಗಿ, ನಿಂತಿರುವುದು ಗುಡಿಯಲ್ಲಿ ಎಂದು ನೆನಪಾಗಿ ಸುಮ್ಮನಾದರು. ಅವರು ಶಿಕಾರಿಪುರದ ದೇವರು ಹುಚ್ಚರಾಯಸ್ವಾಮಿಗೆ ಕೈಮುಗಿಯದೆ ಫೈಲು ಮುಟ್ಟದ ಮನುಷ್ಯ. ಹ್ಯಾಟು ತೆಗೆದು ಕಂಕುಳಲ್ಲಿಟ್ಟುಕೊಂಡು ಕಾಯತೊಡಗಿದರು.

ದೇವರ ನೆತ್ತಿಯ ಮೇಲೆ ಹೂ ಕೂತಿತು. ಗಂಟೆ ಬಾರಿಸಿದರು. ಹೂ ಅಲುಗಲಿಲ್ಲ. ಶೇಷಪ್ಪ ಮನಸ್ಸಿನಲ್ಲೇ ಬಲಕ್ಕೆ ಊದಿದ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಸರ್ಕಾರದ ಒಂದು ಯೋಜನೆ ಒಂದು ಕಣಗಿಲೆಯ ಮೇಲೆ ನಿಂತಿತ್ತು. ಇದೇನೆಂದು ತಿಳಿಯದ ಕೂಪರ್ ಸಾಹೇಬರು ಮಾತ್ರ ಗುಡಿಯ ಹೊರಗೆ ಬಂದು, ಹಟ್ಟಿಯ ಕುರಿಗಳನ್ನು ನೋಡುತ್ತ ನಿಂತರು. ಒಂದರ ಬೆನ್ನ ಮೇಲೆ ಕೈಯಾಡಿಸಿದರು. ಇನ್ನೊಂದನ್ನು ಹಿಡಿದು ಹೊಟ್ಟೆ ನೋಡಿದರು. ಮೂರು ತಿಂಗಳ ಉಣ್ಣೆ ಎಲ್ಲ ಕುರಿಗಳ ಮೇಲೂ ಒಂದೇ ಸಮನಾಗಿ ಬೆಳೆದಿತ್ತು, ಒಂದು ಗಾಯದ ಕಲೆ ಇರಲಿಲ್ಲ. ಅವರು ಶೇಷಪ್ಪನನ್ನು ಕರೆದು ಏನೋ ಕೇಳಿದರು.

"ಇವುಗಳ ಉಣ್ಣೆ ಕತ್ತರಿಸಿದ್ದು ಯಾರು ಅಂತ ಕೇಳ್ತಾ ಅವ್ರೆ, ಕರಿಯಣ್ಣ."

ಕರಿಯಣ್ಣನ ಕಣ್ಣ ಮುಂದೆ ಏಳು ವರ್ಷ ಸುಳಿದುಹೋಯಿತು. "ಯಾರೂ ಇಲ್ಲ ಸ್ವಾಮಿ. ಬಿಸ್ಲು ಜಾಸ್ತಿ ಆಗಿತ್ತು. ಅವೇ ಉದುರಿಸ್ಕೊಂಡ್ವು."

"ಎಲ್ಲಾ ಕುರಿನೂವಾ?"

"ಒಂದನ್ನ ನೋಡಿ ಒಂದು."

ಇದನ್ನು ಇಂಗ್ಲಿಷಿಗೆ ತರುವಾಗ ಶೇಷಪ್ಪ ಬೆವೆತ. ಕೇಳಿದ ಕೂಪರ್ ಸಾಹೇಬರು ಹುಬ್ಬೇರಿಸಿದರು. ಅವರ ಮನೆತನ ನಾಲ್ಕು ತಲೆಮಾರು ಕುರಿ ಸಾಕಿತ್ತು, ಇಂಥ ಒಗ್ಗಟ್ಟಿನ ಕುರಿಗಳನ್ನು ಕಂಡಿರಲಿಲ್ಲ.

ಅಷ್ಟರಲ್ಲಿ ಗುಡಿಯೊಳಗೆ ಹೂ ಬಿತ್ತು, ಎಡಕ್ಕೆ. ಬಿ.ಡಿ.ಓ. ಕೈಮುಗಿದು ಹೊರಗೆ ಬಂದು, ಪೆನ್ನಿನ ಮುಚ್ಚಳ ತೆಗೆದು, "ಬನ್ನಿಹಟ್ಟಿ: ಬಳಸಿಲ್ಲ" ಎಂದು ಬರೆಯುವುದಕ್ಕೆ ಒಂದು ಕೂರುವ ಜಾಗ ಕೇಳಿದರು.

ಎಲ್ಲರೂ ಕರಿಯಣ್ಣನ ಮನೆಗೆ ಬಂದರು. ಗುತ್ಯಮ್ಮನ ಮುಖ ಬಾಡಿತ್ತು. ಆದರೂ ಮನೆಗೆ ಬಂದವರು ಅತಿಥಿಗಳು. ಜಗಲಿಯ ಮೇಲೆ ಮಡಿಸಿಟ್ಟ ಕಂಬಳಿಗಳಿದ್ದವು, ನಮ್ಮಲ್ಲಿ ಅದಕ್ಕಿಂತ ದೊಡ್ಡ ಗದ್ದುಗೆ ಇಲ್ಲ. ದೊಡ್ಡವರು ಎಂದು ಕೂಪರ್ ಸಾಹೇಬರಿಗೇ ಅದರ ಮೇಲೆ ಕೂರಲು ಕೈತೋರಿದಳು. ಅಂಗಳದ ಮೂಲೆಯಲ್ಲಿ ನಿಂತಿದ್ದ ಹುಚ್ಚರಾಯಪ್ಪನ ಮುಖ ಬೂದಿಯಾಯಿತು. ಬೆಳಿಗ್ಗೆ ಜೀಪಿನ ಸದ್ದು ಕೇಳಿ, ಬೇರೆ ಜಾಗ ಹೊಳೆಯದೆ, ಆರೂ ಕತ್ತರಿಗಳನ್ನು ಅವನು ತುರುಕಿದ್ದು ಆ ಕಂಬಳಿಗಳ ಕೆಳಗೇ. ಆ ಸಂಗತಿ ಕರಿಯಣ್ಣನಿಗೂ ಗೊತ್ತಿರಲಿಲ್ಲ.

ಸಾಹೇಬರು ಕೂತರು. ಅವರ ಮುಖದಲ್ಲಿ ಏನೋ ಒಂದು ಹಾದುಹೋಯಿತು. ಮರ್ಯಾದಸ್ಥರು, ಸುಮ್ಮನಿದ್ದರು. ಎಡಕ್ಕೆ ವಾಲಿದರು. ಅಲ್ಲೂ ಅದೇ. ಬಲಕ್ಕೆ ವಾಲಿದರು. ಬಿ.ಡಿ.ಓ. "ಬನ್ನಿಹಟ್ಟಿ" ಎಂದು ಬರೆದು ಮುಂದಿನ ಪದಕ್ಕೆ ಪೆನ್ನು ಊರುವಷ್ಟರಲ್ಲಿ, ಸಾಹೇಬರು "ಓ!" ಎಂದು ಹಾರಿ ಎದ್ದರು. ಕಂಬಳಿ ಜಾರಿತು. ಆರು ಕತ್ತರಿಗಳು ಝಣಝಣ ಎಂದು ಒಂದೊಂದಾಗಿ ಅಂಗಳಕ್ಕೆ ಬಿದ್ದವು.

ಕರಿಯಣ್ಣ ಸೀದಾ ಹೋಗಿ ಕೂಪರ್ ಸಾಹೇಬರ ಕಾಲಿಗೆ ಬಿದ್ದ.

"ತಪ್ಪಾತು ದೊರೆ! ನಕಲು ಮಾಡೀವಿ! ನಿಮ್ಮಪ್ಪಾರ ಕತ್ತರಿ ಬಳಸಾಕೆ ಮನಸ್ಸು ಬರ್ಲಿಲ್ಲ. ನೀವು ಹೇಳಿಕೊಟ್ಟ ವಿದ್ಯೆ ಬಿಡಾಕೂ ಮನಸ್ಸು ಬರ್ಲಿಲ್ಲ. ಜೈಲಿಗೆ ನನ್ನನ್ನ ಹಾಕ್ರಿ, ಹುಚ್ಚರಾಯಪ್ಪ ಮಕ್ಕಳೊಂದಿಗ. ರಾಟೆ ಮಾತ್ರ ಹೆಣ್ಮಕ್ಕಳಿಗೆ ಕೊಡ್ರಿ!"

ಶೇಷಪ್ಪ ಅನುವಾದ ಮಾಡಿದ. ಕೂಪರ್ ಸಾಹೇಬರು ಒಂದು ಕತ್ತರಿ ಎತ್ತಿಕೊಂಡರು. ಹಿಸುಕಿದರು, ಬಿಟ್ಟರು. ಹೆಬ್ಬೆರಳಿನಿಂದ ಅಲಗು ಸವರಿದರು. ತಲೆಕೆಳಗಾದ ಮುದ್ರೆ ಓದಲು ಕತ್ತರಿ ತಿರುಗಿಸಿದರು, ಆಮೇಲೆ ತಮ್ಮ ಕುತ್ತಿಗೆ ತಿರುಗಿಸಿದರು. ಅಲ್ಲೇ ಇದ್ದ ಕುರಿಯೊಂದನ್ನು ಹಿಡಿದು ಕೂರಿಸಿ ಬೆನ್ನ ಮೇಲೆ ಕತ್ತರಿ ಓಡಿಸಿದರು. ಸರ್ರನೆ ಉಣ್ಣೆ ಬಂತು. ಎಷ್ಟು ಜನ ಇದನ್ನು ಬಳಸುತ್ತಾರೆ ಎಂದು ಕೇಳಿದರು. ಹನ್ನೊಂದು ಜನ ತಪ್ಪಿತಸ್ಥರು ತಲೆ ತಗ್ಗಿಸಿ ಮುಂದೆ ಬಂದು ಸಾಲಾಗಿ ನಿಂತರು.

ಸಾಹೇಬರು ನಕ್ಕರು. ಎಷ್ಟು ನಕ್ಕರೆಂದರೆ ಕುರಿ ಬಿಡಿಸಿಕೊಂಡು ಓಡಿತು. ನಗುತ್ತಲೇ ಅವರ ಕಣ್ಣಲ್ಲಿ ನೀರು ಬಂತು, ಕೊನೆಕೊನೆಗೆ ಅದು ನಗುವಿನ ನೀರು ಮಾತ್ರ ಆಗಿರಲಿಲ್ಲ. ಅವರು ಹೇಳಿದ್ದನ್ನು ಶೇಷಪ್ಪ ಹೀಗೆ ಹೇಳಿದ: "ನಾನು ಮೂರು ದೇಶದಾಗೆ ಕತ್ತರಿ ಹಂಚಿದೀನಿ. ಕತ್ತರಿ ಮಾಡಿದ ಊರು ಇದೊಂದೇ. ಇನ್ನು ಮ್ಯಾಲೆ ಇಲ್ಲಿಗೆ ಕತ್ತರಿ ಕಳಿಸೋದು ಬ್ಯಾಡ."

"ಕಳಿಸೋದು ಬ್ಯಾಡ" ಎಂಬುದನ್ನು ಕೇಳಿ ಕರಿಯಣ್ಣ ಇನ್ನೊಮ್ಮೆ ಕಾಲಿಗೆ ಬೀಳಹೋದ. ಹೊಗಳಿದ್ದು ಎಂದು ತಿಳಿಸಲು ಮೂವರು ಹಿಡಿದುಕೊಳ್ಳಬೇಕಾಯಿತು. ಬಿ.ಡಿ.ಓ. ಸಾಹೇಬರು ಹಾಳೆ ಹರಿದು ಹೊಸ ಹಾಳೆ ತೆಗೆದರು. ನಕ್ಷೆಯ ಫಾರಂ ಕಂಡು ಗುಮಾಸ್ತನ ಹೆಸರಲ್ಲಿ ಎರಡು ಮಾತೂ ಆಡಿದರು, ಅವು ಇಲ್ಲಿ ಬೇಡ.

ಆಗ ಗುಡಿಯ ಕಡೆಯಿಂದ ದೊಡ್ಡಬೀರಪ್ಪ ಓಡೋಡಿ ಬಂದ. "ಇನ್ನೊಂದ್ಸಲ ಕೇಳಿದೆ! ಬಲಕ್ಕೆ ಬಿತ್ತು! ಅಪ್ಪಣೆ ಆತು, ತಗೊಳ್ರಿ!"

"ಅಲ್ಲೇ ಇರ್ಲಿ ಬಿಡಪ್ಪ, ನವಮಿ ತನಕ," ಎಂದಳು ಗುತ್ಯಮ್ಮ. "ಅದರ ಕೆಲಸ ಅದು ಮಾಡೇತಿ."

ಹೊರಡುವಾಗ ಕೂಪರ್ ಸಾಹೇಬರು ಆರರಲ್ಲಿ ಒಂದು ಕತ್ತರಿ ಕೇಳಿದರು. ಕರಿಯಣ್ಣ ಅದನ್ನು ಎರಡೂ ಕೈಯಲ್ಲಿ ಕೊಟ್ಟ. ಜೀಪು ಹೋದ ಮೇಲೂ ಆ ಕೈ ಹಾಗೇ ಚಾಚಿಕೊಂಡಿತ್ತು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನಿಂದ ತೆಗೆದುಕೊಂಡು ಕೃತಜ್ಞತೆ ಹೇಳಿ ಹೋಗಿದ್ದರು, ಆ ಭಾರ ಹೇಗೆ ಹೊರುವುದೆಂದು ಅವನಿಗೆ ಗೊತ್ತಿರಲಿಲ್ಲ.

ದೀಪಾವಳಿ ಕಳೆದು ಬನ್ನಿಹಟ್ಟಿಗೆ ಉಣ್ಣೆ ಕೇಂದ್ರ ಬಂತು. ಗುತ್ಯಮ್ಮ ಹೊಸ ರಾಟೆಗೆ ಕೂತಳು, ಸೆಟೆದ ಬೆರಳುಗಳಿಗೆ ಬಿಡುವು ಸಿಕ್ಕಿತು. ಚಂದ್ರಗುತ್ತಿಯ ಕಡೆಯಿಂದಲೂ ಕಮ್ಮಾರರು ಬಂದು ಹುಚ್ಚರಾಯಪ್ಪನ ಹತ್ತಿರ ಕಮಾನುಪಟ್ಟಿಯ ಹದ ಕಲಿತು ಹೋದರು. ಅವನು ಅಳತೆಗೆ ಮಾತ್ರ ಕರಿಯಣ್ಣನ ಬೆರಳನ್ನೇ ಕರೆಸುತ್ತಿದ್ದ.

ಮರುವರ್ಷ ಆಷಾಢದಲ್ಲಿ ನ್ಯೂಜಿಲೆಂಡಿನಿಂದ ಒಂದು ಕಾಗದ ಬಂತು, ಜೊತೆಗೆ ಒಂದು ಫೋಟೋ. ಶೇಷಪ್ಪ ಜಗಲಿಯ ಮೇಲೆ ಕೂತು ಓದಿ ಹೇಳಿದ. ಕೂಪರ್ ಸಾಹೇಬರು ಎಲ್ಲರ ಕ್ಷೇಮ ಕೇಳಿದ್ದರು. ಫೋಟೋದಲ್ಲಿ ಅವರ ಮನೆಯ ನಡುಮನೆ. ಗೋಡೆಯ ಮೇಲೆ, ಅವರ ತಂದೆಯ ಚಿತ್ರದ ಪಕ್ಕದಲ್ಲಿ, ಬನ್ನಿಹಟ್ಟಿಯ ಕತ್ತರಿ. ಅದಕ್ಕೆ ಒಂದು ಕೆಂಪು ರಿಬ್ಬನ್ನು ಕಟ್ಟಿದ್ದರು.

"ನೀವು ಇಷ್ಟು ಪ್ರೀತಿಯಿಂದ ಕೊಟ್ಟದ್ದು. ಬಳಸಲು ಮನಸ್ಸು ಬರಲಿಲ್ಲ ಅಂತ ಬರ್ದಾರೆ," ಎಂದ ಶೇಷಪ್ಪ.

ಕರಿಯಣ್ಣನಿಗೆ ತಡೆಯಲಾಗದ ಸಿಟ್ಟು ಬಂತು. "ಬಳಸ್ಲಿಲ್ವಾ? ಗ್ವಾಡಿಗೆ ನೇತು ಹಾಕ್ಯಾರಾ? ತುಕ್ಕು ಹಿಡೀತೈತೆ ಅದು! ಕೊಟ್ಟಿದ್ದು ಯಾಕೆ? ಅಷ್ಟು ದೊಡ್ಡ ಮನುಷ್ಯರಿಗೆ ಇಷ್ಟು ತಿಳಿಯಬಾರದಾ? ಬರೀರಿ ಸ್ವಾಮಿ, ಈಗಲೇ ಬರೀರಿ. ಪ್ರೀತಿಯಿಂದ ಕೊಟ್ಟಿದ್ದನ್ನ ಬಳಸ್ಬೇಕು ಅಂತ ಬರೀರಿ!"

ಹೇಳಿ ಮುಗಿಸಿದ. ತಿರುಗಿ ನೋಡಿದರೆ ಗುತ್ಯಮ್ಮ ರಾಟೆ ನಿಲ್ಲಿಸಿ, ಜಂತಿಯ ಕಡೆ ನೋಡುತ್ತಿದ್ದಳು.

ಹೊರಗೆ ಮಳೆ ಸುರಿಯುತ್ತಿತ್ತು. ಶೇಷಪ್ಪ ಬರೆದುಕೊಟ್ಟ ಕಾಗದ ಮಧ್ಯಾಹ್ನದ ಟಪಾಲಿಗೆ ಹೋಗಬೇಕಿತ್ತು. ಕರಿಯಣ್ಣ ತಲೆ ಕೆರೆದುಕೊಂಡ, ಎದ್ದ, ಜಂತಿಗೆ ಕೈ ಹಾಕಿ ಭಾವ ಕೊಡಿಸಿದ ಕೊಡೆಯನ್ನು ಇಳಿಸಿದ. ಬಾಗಿಲಲ್ಲಿ ನಿಂತು ಬಿಚ್ಚಿದ. ವರ್ಷಗಟ್ಟಲೆ ಮಡಿಕೆಯಲ್ಲಿದ್ದ ಬಟ್ಟೆ ಎರಡು ಕಡೆ ಬಿರಿದಿತ್ತು. ಮಳೆಯಲ್ಲಿ ಅಂಗಳ ದಾಟುವಾಗ ಅವನ ಬಲಭುಜ ತೊಯ್ಯುತ್ತಿತ್ತು, ಕಾಗದ ನೆನೆಯಲಿಲ್ಲ.